ಆರ್80 ಜಿ/ಎಸ್ ರಿಪೇರಿ: ಬಿಚ್ಚುವುದಕ್ಕಿಂತ ಅಳೆಯುವ ಕೆಲಸವೇ ಹೆಚ್ಚು

ಬಿಎಂಡಬ್ಲ್ಯು ಆರ್80 ಜಿ/ಎಸ್ ಮೋಟಾರ್‌ಸೈಕಲ್‌ನ ಎಂಜಿನ್‌ಗೆ ಕೈ ಹಾಕುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಮತ್ತೆ ಎಲ್ಲೂ ತಾಗದ ಹಾಗೆ ಅದಕ್ಕೆ ಬಟ್ಟೆ ಸುತ್ತಿಡುತ್ತೇನೆ. ಮುಂದಿನ ಅಲ್ಯೂಮಿನಿಯಂ ಕವರಿನ ಹಿಂದೆಯೇ ಡಯೋಡ್ ಬೋರ್ಡ್ (ಬ್ಯಾಟರಿ ಚಾರ್ಜ್ ಆಗಲು ಕರೆಂಟನ್ನು ಏಕಮುಖ ಮಾಡುವ ಭಾಗ) ಇದೆ. ಕೀ ಆಫ್ ಇದ್ದರೂ ಅದಕ್ಕೆ ಬ್ಯಾಟರಿಯ ಪಾಸಿಟಿವ್ ನೇರವಾಗಿ ಬರುತ್ತಿರುತ್ತದೆ. ಕವರ್ ಎಳೆಯುವಾಗ ಅದರ ಅಂಚು ಟರ್ಮಿನಲ್‌ಗೆ ಸೋಕಿದರೆ ಬೋರ್ಡ್ ಸುಟ್ಟೇ ಹೋಗುತ್ತದೆ.

1980ರಲ್ಲಿ ಹೊರಬಂದ ಈ ಗಾಡಿಯ ಎಂಜಿನ್ ರಸ್ತೆಯ ಗಾಡಿಗೆಂದೇ ಇದ್ದದ್ದು. ಕಂಪನಿಯ ಪರೀಕ್ಷಾ ಎಂಜಿನಿಯರ್ ಲಾಸ್ಲೊ ಪೆರೆಸ್ ಎಪ್ಪತ್ತರ ದಶಕದ ಕೊನೆಯಲ್ಲಿ ಬಾಕ್ಸರ್ ಎಂಜಿನ್ (ಎರಡು ಸಿಲಿಂಡರ್ ಎಡಬಲಕ್ಕೆ ಚಾಚಿದ್ದು) ಕೂರಿಸಿ ಹಗುರವಾದ ಆಫ್‌ರೋಡ್ ಗಾಡಿಯೊಂದನ್ನು ಕಟ್ಟಿದ್ದರು. ಮಾರಾಟದ ಗಾಡಿಯ ಕೆಲಸವನ್ನು ರೂಡಿಗರ್ ಗುಟ್ಷೆ ಮುನ್ನಡೆಸಿದರು. 84.8 ಮಿ.ಮೀ. ಬೋರ್ (ಸಿಲಿಂಡರಿನ ವ್ಯಾಸ), 70.6 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ), 797.5 ಸಿಸಿ, 50 ಅಶ್ವಶಕ್ತಿ. ಮುಂದೆ 21 ಇಂಚಿನ ಚಕ್ರ, ಹಿಂದೆ 18. ಹೊಸದಾಗಿ ಮಾಡಿದ್ದರಲ್ಲಿ ದೊಡ್ಡದು ಮೋನೊಲಿವರ್, ಅಂದರೆ ಹಿಂದಿನ ಚಕ್ರವನ್ನು ಒಂದೇ ಬದಿಯಿಂದ ಹಿಡಿಯುವ ತೋಳು: ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಹೇಗೂ ಬಲಗಡೆಯ ಕೊಳವೆಯೊಳಗೆ ಓಡುತ್ತದೆ, ಆ ಕೊಳವೆಯನ್ನೇ ಗಟ್ಟಿ ಮಾಡಿ ಎಡಗಡೆಯ ತೋಳನ್ನು ತೆಗೆದೇಬಿಟ್ಟರು. ಹಿಂದಿನ ಚಕ್ರ ಮೂರು ಕಡೆ ಸಡಿಲಿಸಿದರೆ ಕೈಗೆ ಬರುತ್ತದೆ. ಪ್ಯಾರಿಸ್–ಡಾಕರ್ ಮರುಭೂಮಿ ರೇಸಿನಲ್ಲಿ 1981 ಮತ್ತು 1983ರಲ್ಲಿ ಹ್ಯೂಬರ್ಟ್ ಓರಿಯೋಲ್, 1984 ಮತ್ತು 1985ರಲ್ಲಿ ಗ್ಯಾಸ್ಟನ್ ರಾಹಿಯೆ ಗೆದ್ದದ್ದು ಈ ಮನೆತನದ ರೇಸ್ ಗಾಡಿಗಳ ಮೇಲೆ.

ಎಲ್ಲರೂ ಇದನ್ನು ಸರಳ ಎಂಜಿನ್ ಎನ್ನುತ್ತಾರೆ. ಬಿಚ್ಚುವುದು ಸರಳ, ಒಪ್ಪುತ್ತೇನೆ. ಆದರೆ ಆಯಿಲ್ ಫಿಲ್ಟರ್ ಬದಲಿಸುವಂಥ ಚಿಲ್ಲರೆ ಕೆಲಸದಲ್ಲೇ ಈ ಎಂಜಿನ್ ಸಾಯಬಹುದು.

ಫಿಲ್ಟರ್ ಬಲಗಡೆ ಒಂದು ಉಕ್ಕಿನ ಡಬ್ಬಿಯೊಳಗಿದೆ. ಡಬ್ಬಿಯ ಬಾಯಿಗೆ ತೆಳು ಉಕ್ಕಿನ ಬಳೆ (ಶಿಮ್), ಅದರ ಮೇಲೆ ದಪ್ಪ ಬಿಳಿ ರಬ್ಬರ್ ಬಳೆ (ಓ-ರಿಂಗ್), ಆಮೇಲೆ ಕವರ್. ಓ-ರಿಂಗ್ ಸರಿಯಾಗಿ ಅಮುಕದಿದ್ದರೆ ಪಂಪಿನ ಆಯಿಲ್ ಬೇರಿಂಗ್‌ಗೆ ಹೋಗುವ ಬದಲು ಸಂದಿಯಿಂದ ಎಂಜಿನ್ ತಳದ ಆಯಿಲ್ ತೊಟ್ಟಿಗೆ (ಸಂಪ್) ವಾಪಸಾಗುತ್ತದೆ. ಹೊರಗೆ ಒಂದು ಹನಿಯೂ ಸೋರುವುದಿಲ್ಲ. ಎಚ್ಚರಿಕೆಯ ದೀಪ ಹೊತ್ತುವುದು ಒತ್ತಡ ತೀರಾ ಬಿದ್ದ ಮೇಲೆ. ಅಷ್ಟರಲ್ಲಿ ಕ್ರ್ಯಾಂಕಿನ ಬೇರಿಂಗ್ ಸವೆದಿರುತ್ತದೆ.

ಆದ್ದರಿಂದ ಪ್ರತಿ ಸಲವೂ ಅಳೆಯುತ್ತೇನೆ. ಎಂಜಿನ್ ಕೇಸಿನ ಮುಖ ಒರೆಸಿ, ವರ್ನಿಯರ್ ಕ್ಯಾಲಿಪರ್ ಎಂಬ ಅಳತೆ ಉಪಕರಣದ ಹಿಂಬದಿ ಕಡ್ಡಿಯನ್ನು ಡಬ್ಬಿಯ ಅಂಚಿನ ಮೇಲೆ ನಾಲ್ಕು ಕಡೆ ಊರಿ, ಅಂಚು ಎಷ್ಟು ಒಳಗಿದೆ ಎಂದು ನೋಡುವುದು. ನನ್ನ ಎಂಜಿನ್‌ನಲ್ಲಿ 3.3 ಮಿ.ಮೀ. ಓ-ರಿಂಗ್ 4.0, ಶಿಮ್ 0.3, ಒಟ್ಟು 4.3. ಕಾಗದದ ಗ್ಯಾಸ್ಕೆಟ್ ಹಾಕದೆ ಕವರ್ ಬಿಗಿದರೆ ಓ-ರಿಂಗ್ 1.0 ಮಿ.ಮೀ. ಅಮುಕುತ್ತದೆ. 0.6ರಿಂದ 1.0ರೊಳಗೆ ಬಂದರೆ ಸರಿ. ಗ್ಯಾಸ್ಕೆಟ್ ಸೇರಿಸಿದರೆ ಅದರ ದಪ್ಪದಷ್ಟು ಒತ್ತು ಕಡಿಮೆಯಾಗುತ್ತದೆ. ಡಬ್ಬಿ ಇನ್ನೂ ಆಳದಲ್ಲಿದ್ದರೆ ಇನ್ನೊಂದು ಶಿಮ್ ಬೇಕು. ಹಳೆಯ ಓ-ರಿಂಗಿಗೆ ಶಿಮ್ ಅಂಟಿಕೊಂಡು ಅದರ ಜೊತೆಗೇ ಕಸದ ಬುಟ್ಟಿ ಸೇರುವುದುಂಟು. ಶಿಮ್ ಇಲ್ಲದೆ ಹೋದರೆ ಡಬ್ಬಿಯ ಚೂಪು ಅಂಚು ಓ-ರಿಂಗನ್ನು ಕತ್ತರಿಸುತ್ತದೆ. ಫಿಲ್ಟರ್ ಸಹಿತ ಆಯಿಲ್ 2.5 ಲೀಟರ್.

ಟ್ಯಾಪೆಟ್ ಕೆಲಸ, ಅಂದರೆ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದು ಹೊಂದಿಸುವುದು, ಎಂಜಿನ್ ಪೂರ್ತಿ ತಣ್ಣಗಿರುವಾಗ. ಎಡಗಡೆಯ ರಬ್ಬರ್ ಬಿರಡೆ ತೆಗೆದು ಫ್ಲೈವೀಲಿನ ‘ಓಟಿ’ ಗುರುತು (ಪಿಸ್ಟನ್ ತುತ್ತತುದಿಯಲ್ಲಿರುವ ಸ್ಥಾನ) ಕಿಂಡಿಯ ಮಧ್ಯೆ ತರಬೇಕು. ಯಾವ ಕಡೆಯ ಎರಡೂ ರಾಕರ್ ಸಡಿಲವೋ ಆ ಕಡೆಯದನ್ನು ಹೊಂದಿಸುವುದು. ಮೊದಲು ಹೆಡ್ ನಟ್‌ಗಳನ್ನು ಕರ್ಣದ ಕ್ರಮದಲ್ಲಿ 15, 25, 35 ನ್ಯೂಟನ್ ಮೀಟರ್‌ಗೆ ಹಂತಹಂತವಾಗಿ ಬಿಗಿ ಮಾಡುತ್ತೇನೆ. ಟಾರ್ಕ್ ಏರದೆ ನಟ್ ಸುಮ್ಮನೆ ತಿರುಗುತ್ತಲೇ ಇದ್ದರೆ ಅಲ್ಲೇ ನಿಲ್ಲಿಸಿ, ಕೇಸಿನಲ್ಲಿ ಸ್ಟಡ್‌ನ ಥ್ರೆಡ್ ಕಿತ್ತುಬರುತ್ತಿದೆ ಎಂದೇ ಅರ್ಥ. ಆಮೇಲೆ ವಾಲ್ವ್ ಸಂದು: ಇನ್‌ಲೆಟ್ 0.10, ಎಕ್ಸಾಸ್ಟ್ 0.20 ಮಿ.ಮೀ. ಪ್ರತಿ ಸಲದ ಅಳತೆಯನ್ನು ಬರೆದಿಡುವುದು ಮುಖ್ಯ. ಎಕ್ಸಾಸ್ಟ್ ಸಂದು ಪದೇಪದೇ ಕಿರಿದಾಗುತ್ತಿದ್ದರೆ ವಾಲ್ವ್ ತನ್ನ ಸೀಟಿನೊಳಕ್ಕೆ ಇಳಿಯುತ್ತಿದೆ. 1984ರವರೆಗಿನ ಹೆಡ್‌ಗಳಲ್ಲಿ ಇದು ಸಾಮಾನ್ಯ, ಸೀಟು ಬದಲಿಸದೆ ವಾಸಿಯಾಗದು.

ಗೇರ್ ಗಡುಸಾಗಿ ಬೀಳತೊಡಗಿದರೆ ಅನೇಕರು ಗೇರ್‌ಬಾಕ್ಸನ್ನು ದೂರುತ್ತಾರೆ. ನಾನು ಮೊದಲು ನೋಡುವುದು ಅದರ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲುಗಳು). ಗ್ರೀಸ್ ಒಣಗಿದರೆ ಕ್ಲಚ್ ಪ್ಲೇಟ್ ಅದರ ಮೇಲೆ ಸರಾಗವಾಗಿ ಜಾರುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಹಳೆಯ ಗ್ರೀಸನ್ನು ಬ್ರಷ್ಷಿನಿಂದ ತೊಳೆದು, ಹಲ್ಲುಗಳ ಮಧ್ಯೆ ತೆಳುವಾಗಿ ಮಾಲಿಬ್ಡಿನಮ್ ಗ್ರೀಸ್ ಸವರಬೇಕು. ಹೆಚ್ಚಾದರೆ ಅದು ಹಾರಿ ಪ್ಲೇಟಿನ ಮೇಲೆ ಕೂರುತ್ತದೆ, ಕ್ಲಚ್ ಜಾರುತ್ತದೆ.

ಗೇರ್‌ಬಾಕ್ಸ್ ಹಿಂದಕ್ಕೆ ಸರಿಸಲು ಡ್ರೈವ್ ಶಾಫ್ಟಿನ ನಾಲ್ಕು ಬೋಲ್ಟ್ ಬಿಚ್ಚಬೇಕು. ಗೇರಿನಲ್ಲಿಟ್ಟು ಹಿಂದಿನ ಬ್ರೇಕ್ ತುಳಿದು ಹಿಡಿದರೆ ಶಾಫ್ಟ್ ತಿರುಗುವುದಿಲ್ಲ. ಮತ್ತೆ ಹಾಕುವಾಗ ಹೊಸ ಬೋಲ್ಟ್, ಆಯಿಲ್ ಪಸೆಯಿಲ್ಲದ ಥ್ರೆಡ್, 40 ನ್ಯೂಟನ್ ಮೀಟರ್. ಕ್ಲಚ್ ಬಿಚ್ಚಿ ಫ್ಲೈವೀಲನ್ನೂ ತೆಗೆಯುವುದಾದರೆ ಮುಂಭಾಗದಿಂದ ಕ್ರ್ಯಾಂಕನ್ನು ಅಲುಗದ ಹಾಗೆ ಒತ್ತಿ ನಿಲ್ಲಿಸಲೇಬೇಕು. ಅದು ಮುಂದಕ್ಕೆ ಜರುಗಿದರೆ ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ ಒಳಗಿನ ಥ್ರಸ್ಟ್ ವಾಷರ್ ತನ್ನ ಪಿನ್ನಿನಿಂದ ಕಳಚಿ ಬೀಳುತ್ತದೆ. ಅದು ತಿಳಿಯದೆ ಫ್ಲೈವೀಲ್ ಬಿಗಿದರೆ ಕೇಸೇ ಹಾಳು.

ಕಾರ್ಬ್ಯುರೇಟರ್ ಕೊನೆಗೆ, ಟ್ಯಾಪೆಟ್ ಸರಿಯಿಲ್ಲದೆ ಅದನ್ನು ಹೊಂದಿಸಿ ಪ್ರಯೋಜನವಿಲ್ಲ. ಎರಡೂ ಬಿಂಗ್ ಕಂಪನಿಯ 32 ಮಿ.ಮೀ. ಕಾರ್ಬ್ಯುರೇಟರ್‌ಗಳು. ಒಳಗಿನ ರಬ್ಬರ್ ಪೊರೆಯನ್ನು (ಡಯಾಫ್ರಾಮ್) ಬೆಳಕಿಗೆ ಹಿಡಿದು ಹಿಗ್ಗಿಸಿ ನೋಡುತ್ತೇನೆ. ಸೂಜಿಮೊನೆಯಷ್ಟು ತೂತಿದ್ದರೂ ಆ ಕಡೆಯ ಸಿಲಿಂಡರ್ ಮೇಲಿನ ವೇಗದಲ್ಲಿ ಸೊರಗುತ್ತದೆ. ಮೊದಲು ಐಡಲ್‌ನಲ್ಲಿ, ಆಮೇಲೆ ಥ್ರಾಟಲ್ ಸ್ವಲ್ಪ ಎತ್ತಿ ಕೇಬಲ್‌ನಲ್ಲಿ ಎರಡನ್ನೂ ವ್ಯಾಕ್ಯೂಮ್ ಗೇಜಿಗೆ ಸಮ ಮಾಡುವುದು. ಒಂದು ಸಿಲಿಂಡರ್ ನಿಲ್ಲಿಸಿ ನೋಡುವ ಹಳೆಯ ಪದ್ಧತಿ ಅನುಸರಿಸುವವರು ಆ ಪ್ಲಗ್ ವೈರನ್ನು ಗಾಳಿಯಲ್ಲಿ ತೂಗಬಿಡಬಾರದು. ವೈರಿಗೆ ಒಂದು ಪ್ಲಗ್ ಸಿಕ್ಕಿಸಿ ಅದನ್ನು ಸಿಲಿಂಡರಿನ ಲೋಹದ ಫಿನ್ನಿಗೆ ಗಟ್ಟಿಯಾಗಿ ಅರ್ತ್ ಮಾಡಬೇಕು, ಇಲ್ಲದಿದ್ದರೆ ಎಲೆಕ್ಟ್ರಾನಿಕ್ ಇಗ್ನಿಷನ್ ಮಾಡ್ಯೂಲ್ ಹೋಗುತ್ತದೆ.