ಕೀ ಇದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ: ಎಲಿಕ್ಸಿರ್ ಮ್ಯಾಪ್‌ಗಳ ನಿರ್ವಹಣೆ

ಎಲಿಕ್ಸಿರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಮ್ಯಾಪ್ ಎಂದರೆ ಕೀ (ಗುರುತಿನ ಹೆಸರು) ಮತ್ತು ಅದರ ವ್ಯಾಲ್ಯೂ ಜೋಡಿಗಳ ಸಂಗ್ರಹ. ಇಫ್ ಎಂಬ ಷರತ್ತಿನೊಳಗೆ ಮ್ಯಾಪ್‌ಗೆ ಒಂದು ಕೀ ಸೇರಿಸಿ, ಬಂದದ್ದನ್ನು ಅದೇ ವೇರಿಯಬಲ್ ಹೆಸರಿಗೆ ಕೊಟ್ಟಿರಿ ಎನ್ನಿ. ಹೊರಗೆ ಬಂದು ನೋಡಿದರೆ ಕೀ ಇಲ್ಲವೇ ಇಲ್ಲ. ಬೇರೆ ಭಾಷೆಗಳಿಂದ ಎಲಿಕ್ಸಿರ್‌ಗೆ ಬಂದವರಲ್ಲಿ ಅನೇಕರು ಎಡವುವುದು ಇಲ್ಲೇ. ಈ ಭಾಷೆಯಲ್ಲಿ ಇದ್ದ ಮ್ಯಾಪ್ ಬದಲಾಗುವುದಿಲ್ಲ, ಪ್ರತಿ ಸಲ ಹೊಸದು ಹುಟ್ಟುತ್ತದೆ. ಇಫ್‌ನೊಳಗೆ ಇಟ್ಟ ಹೆಸರು ಅಲ್ಲಿಗೇ ಮುಗಿಯುತ್ತದೆ. ವೇರಿಯಬಲ್ ಬಳಕೆಯಾಗಿಲ್ಲ ಎಂದು ಕಂಪೈಲರ್ ಎಚ್ಚರಿಸಿದರೆ ಕಡೆಗಣಿಸಬೇಡಿ. ಇಫ್ ಕೊಡುವ ಫಲಿತಾಂಶವನ್ನೇ ಹೊರಗೆ ಹಿಡಿದುಕೊಳ್ಳಿ. ಎಲ್ಸ್‌ನಲ್ಲಿ ಹಳೆಯ ಮ್ಯಾಪನ್ನು ಹಾಗೇ ಹಿಂದಿರುಗಿಸಿ, ಇಲ್ಲವಾದರೆ ಷರತ್ತು ಸುಳ್ಳಾದಾಗ ಕೈಗೆ ಸಿಗುವುದು ನಿಲ್, ಅಂದರೆ ‘ಏನೂ ಇಲ್ಲ’ ಎಂಬ ವ್ಯಾಲ್ಯೂ.

ಮುಂದೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಕೀ ಇಲ್ಲವೋ, ಇದ್ದೂ ಅದರ ವ್ಯಾಲ್ಯೂ ನಿಲ್ ಆಗಿದೆಯೋ? ಮ್ಯಾಪ್.ಗೆಟ್ ಎರಡಕ್ಕೂ ನಿಲ್ ಎಂದೇ ಉತ್ತರಿಸುತ್ತದೆ. ಮ್ಯಾಪ್.ಫೆಚ್ ಕೇಳಿದರೆ, ಕೀ ಇದ್ದಾಗ ಓಕೆ ಮತ್ತು ವ್ಯಾಲ್ಯೂ ಜೋಡಿಯಾಗಿ ಬರುತ್ತವೆ, ಇಲ್ಲದಾಗ ಎರರ್ ಬರುತ್ತದೆ. ಕೇಸ್ ಎಂಬ ಕವಲು ಬರೆದು ಇವೆರಡನ್ನೂ ಬೇರೆ ಮಾಡಬಹುದು. ಬಳಕೆದಾರ ತನ್ನ ಫೋನ್ ನಂಬರ್ ಅಳಿಸುವುದು ಒಂದು, ಫಾರ್ಮ್‌ನಲ್ಲಿ ಆ ಖಾನೆಯೇ ಬಾರದಿರುವುದು ಇನ್ನೊಂದು. ಅಲ್ಲಿ ಗೆಟ್ ನಂಬಿದರೆ ಡೇಟಾ ಸದ್ದಿಲ್ಲದೆ ಹಾಳಾಗುತ್ತದೆ.

ಕೀ ಇಲ್ಲದಾಗ ಮಾತ್ರ ಸೇರಿಸಲು ಮ್ಯಾಪ್.ಪುಟ್_ನ್ಯೂ ಇದೆ; ವ್ಯಾಲ್ಯೂ ಲೆಕ್ಕ ಹಾಕಲು ಹೊತ್ತು ಹಿಡಿಯುವಂತಿದ್ದರೆ ಪುಟ್_ನ್ಯೂ_ಲೇಜಿ. ಕೀ ಇರಲೇಬೇಕಾದ ಕಡೆ ಮ್ಯಾಪ್‌ನೊಳಗೆ ಉದ್ದಗೆರೆ (|) ಎಳೆದು ಬರೆಯುವ ಅಪ್‌ಡೇಟ್ ಬಳಸಿ. ಕೀ ಇಲ್ಲದಿದ್ದರೆ ಅದು ಕೀಎರರ್ ಎಸೆಯುತ್ತದೆ. ನನಗಂತೂ ಇದು ಬಹಳ ಇಷ್ಟ: ಕೀ ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ ಅಲ್ಲೇ ಸಿಕ್ಕಿಬೀಳುತ್ತದೆ.

ನಿಧಾನಿಸಬೇಕಾದದ್ದು ಮ್ಯಾಪ್.ಅಪ್‌ಡೇಟ್ ಬಳಿ. ಅದಕ್ಕೆ ಮ್ಯಾಪ್, ಕೀ, ಡೀಫಾಲ್ಟ್, ಫಂಕ್ಷನ್ ನಾಲ್ಕೂ ಕೊಡಬೇಕು. ಒಂದು ಪಠ್ಯದ ಪದಗಳನ್ನು ಎಣಿಸುತ್ತಿದ್ದೀರಿ ಎನ್ನಿ. ಡೀಫಾಲ್ಟ್ 0 ಇಟ್ಟು, ಫಂಕ್ಷನ್‌ನಲ್ಲಿ 1 ಕೂಡಿಸಿದಿರಿ. ಮೂರು ಸಲ ಬಂದ ಪದಕ್ಕೆ 2, ಒಮ್ಮೆ ಮಾತ್ರ ಬಂದದ್ದಕ್ಕೆ 0 ಎಂದು ತೋರಿಸುತ್ತದೆ! ಕೀ ಇಲ್ಲದಾಗ ಡೀಫಾಲ್ಟ್ ನೇರವಾಗಿ ಮ್ಯಾಪ್ ಸೇರುತ್ತದೆ, ಫಂಕ್ಷನ್ ಓಡುವುದೇ ಇಲ್ಲ. ಡೀಫಾಲ್ಟ್ 1 ಮಾಡಿ, ಲೆಕ್ಕ ಸರಿಹೋಗುತ್ತದೆ. ಬರೀ ಎಣಿಕೆ ಸಾಕೆಂದರೆ 1.10ನೇ ಆವೃತ್ತಿಯಿಂದ ಈನಮ್.ಫ್ರೀಕ್ವೆನ್ಸೀಸ್ ಸಿದ್ಧವಾಗಿದೆ.

ಷರತ್ತುಗಳು ಮೂರು ನಾಲ್ಕಾದಾಗ ಪೈಪ್‌ನ (ಒಂದು ಫಂಕ್ಷನ್‌ನ ಫಲಿತಾಂಶವನ್ನು ಮುಂದಿನದಕ್ಕೆ ದಾಟಿಸುವ ಸಾಲಿನ) ನಡುವೆ ಇಫ್ ತುರುಕಬೇಡಿ. ಮೇಬಿ_ಪುಟ್ ಎಂಬ ಪುಟ್ಟ ಫಂಕ್ಷನ್ ಬರೆಯಿರಿ, ಎರಡು ಕ್ಲಾಝ್ (ಒಂದೇ ಫಂಕ್ಷನ್‌ನ ಬೇರೆ ಬೇರೆ ರೂಪ) ಸಾಕು: ವ್ಯಾಲ್ಯೂ ನಿಲ್ ಆಗಿದ್ದರೆ ಮ್ಯಾಪನ್ನು ಮುಟ್ಟದೆ ಹಿಂದಿರುಗಿಸುವುದು ಒಂದು, ಉಳಿದಂತೆ ಪುಟ್ ಮಾಡುವುದು ಇನ್ನೊಂದು. ನಿಲ್‌ನ ಕ್ಲಾಝ್ ಮೇಲಿರಲಿ; ಎಲಿಕ್ಸಿರ್ ಮೇಲಿನಿಂದ ಕೆಳಕ್ಕೆ ಹೊಂದಿಸಿ ನೋಡುತ್ತದೆ.