ಫ್ಯಾನ್ ಫಿಕ್ಷನ್‌ನಲ್ಲಿ ಪ್ರಣಯವನ್ನು ಬರೆಯುವ ಬಗೆ

ಫ್ಯಾನ್ ಫಿಕ್ಷನ್ ಎಂದರೆ ಮೆಚ್ಚಿನ ಕೃತಿಯ ಪಾತ್ರಗಳನ್ನು ಇಟ್ಟುಕೊಂಡು ಅಭಿಮಾನಿಗಳು ಬರೆಯುವ ಕಥೆ. ಅದನ್ನು ಓದುವವರಿಗೆ ಪಾತ್ರಗಳ ಪರಿಚಯ ಮೊದಲೇ ಇರುತ್ತದೆ. ಹೀಗಾಗಿ ಪ್ರಣಯಕಥೆಗೆ ಕೈಹಾಕುವ ಮುನ್ನ ಮೂಲಕೃತಿಯನ್ನು ಮತ್ತೊಮ್ಮೆ ಓದಿ, ಲೇಖಕರು ಯಾವುದನ್ನು ವಿವರಿಸದೆ ದಾಟಿ ಹೋಗಿದ್ದಾರೆ ಎಂಬುದನ್ನು ಗುರುತು ಹಾಕಿಕೊಳ್ಳಬೇಕು.

1813ರಲ್ಲಿ ಪ್ರಕಟವಾದ ಜೇನ್ ಆಸ್ಟೆನ್ ಅವರ 'ಪ್ರೈಡ್ ಅಂಡ್ ಪ್ರೆಜುಡಿಸ್' ಕಾದಂಬರಿಯನ್ನೇ ನೋಡಬಹುದು. ನಾಯಕ ಡಾರ್ಸಿ ಮೊದಲ ಬಾರಿ ಮದುವೆಯ ಮಾತೆತ್ತಿದಾಗ ನಾಯಕಿ ಎಲಿಜಬೆತ್ ನಿರಾಕರಿಸುವ ಸನ್ನಿವೇಶದಲ್ಲಿ ಕಿಡಿಕಾರುವ ಸಂಭಾಷಣೆಯಿದೆ. ಆದರೆ ಎರಡನೆಯ ಬಾರಿ ಆಕೆ ಒಪ್ಪಿದ ಮಾತುಗಳನ್ನು ಆಸ್ಟೆನ್ ನಮಗೆ ಕೇಳಿಸುವುದೇ ಇಲ್ಲ, ಆಕೆ ತಡವರಿಸುತ್ತ ತಿಳಿಸಿದಳೆಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಅಷ್ಟು ಮಾತುಗಾರ್ತಿಗೆ ಆ ಗಳಿಗೆಯಲ್ಲಿ ಮಾತು ಏಕೆ ತೊಡರಿತು ಎಂದು ಕೇಳಿಕೊಂಡರೆ ಕಥೆ ಅಲ್ಲಿಂದಲೇ ಹುಟ್ಟುತ್ತದೆ.

ಮದುವೆಯ ನಂತರದ ಶಯನಗೃಹವನ್ನು ಬರೆಯುವಾಗಲೂ ಅವರ ಸ್ವಭಾವವೇ ದಾರಿ ತೋರಬೇಕು. ಮನಸ್ಸಿಗೆ ಪೆಟ್ಟಾದ ಮೇಲೆ ತನ್ನ ಸಮರ್ಥನೆಯನ್ನು ಉದ್ದನೆಯ ಪತ್ರದಲ್ಲಿ ಬರೆದುಕೊಡುವ ಡಾರ್ಸಿ ಒಮ್ಮೆಲೇ ಸಿನಿಮಾ ನಾಯಕನಂತೆ ಪ್ರೇಮಾಲಾಪಕ್ಕೆ ತೊಡಗಿದರೆ ಓದುಗರು ಅಲ್ಲಿಗೇ ಎದ್ದುಹೋಗುತ್ತಾರೆ. ಎಲಿಜಬೆತ್ ಗಂಡನನ್ನು ಛೇಡಿಸುವ ಪರಿಗೆ ನಾದಿನಿ ಜಾರ್ಜಿಯಾನಾ ಬೆರಗಾಗುವುದು ಕೊನೆಯ ಅಧ್ಯಾಯದಲ್ಲಿದೆ. ಆ ಛೇಡಿಕೆ ಏಕಾಂತದಲ್ಲಿಯೂ ಮುಂದುವರಿಯಲಿ. ಅನೌಚಿತ್ಯವನ್ನು ಬಿಟ್ಟರೆ ರಸಭಂಗಕ್ಕೆ ಬೇರೆ ಕಾರಣವಿಲ್ಲ ಎಂದ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನನ ಮಾತು ಈ ಪ್ರಕಾರಕ್ಕೂ ಚೆನ್ನಾಗಿಯೇ ಒಪ್ಪುತ್ತದೆ. ಬರೆದ ಮೇಲೆ ಇಬ್ಬರ ಹೆಸರನ್ನೂ ಬದಲಿಸಿ ಓದಿ ನೋಡಿ: ದೃಶ್ಯ ಯಾರಿಗೆ ಬೇಕಾದರೂ ಹೊಂದುವಂತಿದ್ದರೆ ಅದನ್ನು ಹೊಸದಾಗಿ ಬರೆಯಬೇಕು.

ಶೃಂಗಾರದಲ್ಲಿ ವಿಪ್ರಲಂಭಕ್ಕೆ, ಅಂದರೆ ಕೂಡಲಾಗದ ಹಂಬಲಕ್ಕೆ, ಧಾರಾಳವಾಗಿ ಜಾಗ ಕೊಡಿ. ಅಭಿಮಾನಿಗಳು 'ಸ್ಲೋ ಬರ್ನ್' ಎಂದು ಮೆಚ್ಚುವುದು ಇದನ್ನೇ. ಆದರೆ ತಡೆಗೆ ಕಾರಣ ಪಾತ್ರಗಳೊಳಗೇ ಇರಬೇಕು. ಪ್ರತಿ ಅಧ್ಯಾಯದಲ್ಲೂ ಯಾರೋ ಬಾಗಿಲು ಬಡಿದು ಅಡ್ಡಿಪಡಿಸುವುದು ಬೇಗ ಬೇಸರ ತರಿಸುತ್ತದೆ. ಕೂಡುವ ದೃಶ್ಯ ಬಂದಾಗ ಅಂಗಾಂಗಗಳ ಪಟ್ಟಿಗಿಂತ ಒಬ್ಬರ ಪ್ರತಿಕ್ರಿಯೆಯನ್ನು ಇನ್ನೊಬ್ಬರು ಗಮನಿಸುವ ರೀತಿ ಹೆಚ್ಚು ಬಿಸಿಯೇರಿಸುತ್ತದೆ, ಮತ್ತು ಸಮ್ಮತಿಯನ್ನು ಕೇಳುವ, ಕೊಡುವ ಕ್ಷಣವನ್ನೇ ಆ ದೃಶ್ಯದ ರೋಚಕ ಭಾಗವಾಗಿಸಬಹುದು. ಆ ರಾತ್ರಿಯ ನಂತರ ಇಬ್ಬರ ನಡುವೆ ಏನೂ ಬದಲಾಗದಿದ್ದರೆ ದೃಶ್ಯವನ್ನು ತೆಗೆದುಹಾಕುವುದೇ ಲೇಸು. ಭಾಷೆಯೂ ಕಥೆಯ ಉಳಿದ ಭಾಗದಂತೆಯೇ ಇರಲಿ. ತಿಳಿಗನ್ನಡದಲ್ಲಿ ಸಾಗಿದ ನಿರೂಪಣೆ ಹಾಸಿಗೆಯ ಬಳಿ ಬಂದೊಡನೆ ಹಳೆಯ ಕಾವ್ಯದ ಸಮಾಸಗಳಿಗೆ ಜಿಗಿದರೆ ನಗು ಬರುತ್ತದೆ.

ಕಾಮಪ್ರಧಾನ ಕಥೆಯ ಪಾತ್ರಗಳು ವಯಸ್ಕರೇ ಆಗಿರಬೇಕು, ಇದರಲ್ಲಿ ರಿಯಾಯಿತಿಯಿಲ್ಲ. 'ಆರ್ಕೈವ್ ಆಫ್ ಅವರ್ ಓನ್'ನಂಥ ಫ್ಯಾನ್ ಫಿಕ್ಷನ್ ಜಾಲತಾಣದಲ್ಲಿ ಹಾಕುವಾಗ ಸರಿಯಾದ ರೇಟಿಂಗ್, ಎಚ್ಚರಿಕೆ ಮತ್ತು ಟ್ಯಾಗ್‌ಗಳನ್ನು ಕೊಡಿ. ಅದಕ್ಕೂ ಮೊದಲು ಮೂಲಕೃತಿಯನ್ನು ನಿಮಗಿಂತ ಚೆನ್ನಾಗಿ ಬಲ್ಲ ಬೀಟಾ ರೀಡರ್ (ಪ್ರಕಟಣೆಗೆ ಮುನ್ನ ಓದಿ ತಿದ್ದುಪಡಿ ಸೂಚಿಸುವವರು) ಒಬ್ಬರಿಗೆ ಹಸ್ತಪ್ರತಿಯನ್ನು ತೋರಿಸಿ.