ಕಡತದಲ್ಲಿದ್ದ ಒಂದು ಸಾಲು

ವ್ಯಸನದಿಂದ ಹೊರಬರುತ್ತಿರುವವರ ಜೊತೆ ಆಪ್ತಸಮಾಲೋಚಕಿಯಾಗಿ ಕೆಲಸ ಆರಂಭಿಸಿದ ಹೊಸತರಲ್ಲಿ, ಮೊದಲ ಭೇಟಿಯಲ್ಲೇ ಎಲ್ಲವನ್ನೂ ಕೇಳಿಬಿಡುತ್ತಿದ್ದೆ. ಕುಡಿತ ಯಾವಾಗ ಶುರುವಾಯಿತು, ಮನೆಯಲ್ಲಿ ಹೊಡೆಯುತ್ತಿದ್ದರೇ, ಬಾಲ್ಯದಲ್ಲಿ ಯಾರಾದರೂ ಕೆಟ್ಟದಾಗಿ ಮುಟ್ಟಿದ್ದರೇ. ನಮೂನೆಯಲ್ಲಿ ಪ್ರಶ್ನೆಗಳಿದ್ದವು, ನಾನು ಉತ್ತರ ತುಂಬಿಸುತ್ತಿದ್ದೆ. ಒಬ್ಬ ಮಹಿಳೆ ಎಲ್ಲಕ್ಕೂ ತಲೆತಗ್ಗಿಸಿ ಉತ್ತರಿಸಿ ಹೋದರು. ಅದೇ ರಾತ್ರಿ ಮತ್ತೆ ಕುಡಿದರು. ಹಳೆಯ ಗಾಯವನ್ನು ಕೆದಕಿದವಳು ನಾನು. ಅದನ್ನು ಹೊತ್ತು ಒಬ್ಬರೇ ಮನೆಗೆ ನಡೆದವರು ಅವರು.

ಬಾಲ್ಯದ ಸಂಕಟಗಳ ಬಗ್ಗೆ ಅಮೆರಿಕದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನವನ್ನು ಓದಿದ್ದು ಆಮೇಲೆ. ನಾಲ್ಕು ಅಥವಾ ಹೆಚ್ಚು ಬಗೆಯ ಸಂಕಟ ಕಂಡವರಲ್ಲಿ ಮದ್ಯವ್ಯಸನ, ಮಾದಕವಸ್ತು ಸೇವನೆ, ಖಿನ್ನತೆ, ಆತ್ಮಹತ್ಯಾ ಪ್ರಯತ್ನಗಳ ಅಪಾಯ, ಅಂಥದ್ದೇನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಿತ್ತು. ಎಷ್ಟೋ ಜನರಿಗೆ ಕುಡಿತವೇ ಒಂದು ಕಾಲದಲ್ಲಿ ನಿದ್ದೆಯ ಮದ್ದಾಗಿತ್ತು ಎಂಬುದು ಆಗ ಹೊಳೆಯಿತು.

ಈಗ ಮೊದಲ ದಿನ ಗತಕಾಲದ ಮಾತನ್ನೇ ಎತ್ತುವುದಿಲ್ಲ. ಎಲ್ಲಿ ಕೂರುತ್ತೀರಿ ಎಂದು ಕೇಳುತ್ತೇನೆ. ಹೆಚ್ಚಿನವರು ಬಾಗಿಲು ಕಾಣುವ ಕುರ್ಚಿಯನ್ನೇ ಆರಿಸುತ್ತಾರೆ. ಎಷ್ಟು ಹೊತ್ತು ಮಾತಾಡುತ್ತೇವೆ, ಏನನ್ನು ಬರೆದುಕೊಳ್ಳುತ್ತೇನೆ, ಜೀವಕ್ಕೆ ಅಪಾಯವಿದ್ದರೆ ಯಾರಿಗೆ ತಿಳಿಸಲೇಬೇಕಾಗುತ್ತದೆ ಎಂಬುದನ್ನೆಲ್ಲ ಮೊದಲೇ ಹೇಳುತ್ತೇನೆ. ಮಾತಿನ ನಡುವೆ ಉಸಿರು ಬಿಗಿಯಾದರೆ, ದೃಷ್ಟಿ ಎಲ್ಲೋ ನೆಟ್ಟುಹೋದರೆ, ಅಲ್ಲಿಗೇ ನಿಲ್ಲಿಸುತ್ತೇನೆ. ಪಾದ ನೆಲಕ್ಕೂರಿ, ಕೋಣೆಯಲ್ಲಿ ಕಾಣುವ ಐದು ವಸ್ತುಗಳ ಹೆಸರು ಹೇಳಿ ಎನ್ನುತ್ತೇನೆ. ಮತ್ತೆ ಕುಡಿದು ಬಂದವರನ್ನು ‘ಯಾಕೆ ಕುಡಿದಿರಿ’ ಎನ್ನುವುದನ್ನು ಬಿಟ್ಟು, ‘ಅದಕ್ಕೆ ಮೊದಲು ಏನಾಯಿತು’ ಎಂದು ಕೇಳುತ್ತೇನೆ. (ಇದು ವೈದ್ಯರ ಕೆಲಸಕ್ಕೆ ಬದಲಿಯಲ್ಲ. ಬಹುಕಾಲ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಅವರನ್ನು ಮೊದಲು ಆಸ್ಪತ್ರೆಗೇ ಕಳುಹಿಸಬೇಕು.)

ಆ ಮಹಿಳೆ ಕೆಲವು ತಿಂಗಳ ನಂತರ ಮರಳಿ ಬಂದರು. ಅಂದು ಅಷ್ಟೆಲ್ಲ ಕೇಳಿದ್ದು ನನ್ನ ತಪ್ಪು ಎಂದು ಕ್ಷಮೆ ಕೇಳಿದೆ. ಕಡತವನ್ನು ಅವರ ಕಡೆಗೆ ತಿರುಗಿಸಿಟ್ಟೆ. ಒಂದೆಡೆ ನನ್ನದೇ ಕೈಬರಹದಲ್ಲಿ ‘ಸಹಕರಿಸುತ್ತಿಲ್ಲ’ ಎಂದಿತ್ತು. ಬಹಳ ಹೊತ್ತು ಅದನ್ನೇ ನೋಡಿ, ‘ಇದನ್ನು ಹೊಡೆದುಹಾಕುತ್ತೀರಾ?’ ಎಂದರು. ಹೊಡೆದುಹಾಕಿದೆ. ಅಲ್ಲಿ ಏನು ಬರೆಯಲಿ ಎಂದಾಗ ಅವರೇ ಪೆನ್ನು ತೆಗೆದುಕೊಂಡು ಬರೆದರು: ‘ಹೆದರಿದ್ದೆ.’